ಲೇತ್ ಬಿಟ್ಟು ಮೇಲ್ ಕಾಯುವ ಕೆಲಸ

ಸಂಪಾದಕರೇ,

ಪೀಣ್ಯದಲ್ಲಿ ನನ್ನದೊಂದು ಸಣ್ಣ ಟರ್ನಿಂಗ್ ಶಾಪ್ ಇದೆ. ಐದು ಜನ, ಕಬ್ಬಿಣ ಕಡೆಯುವ ಎರಡು ಲೇತ್ ಮಷೀನು. ನಾವು ಮಾಡುವುದು ಶಾಫ್ಟ್ ಮಾತ್ರ. ಹೀಟ್ ಟ್ರೀಟ್‌ಮೆಂಟ್ ಪಕ್ಕದ ಬೀದಿಯವರದು, ಗ್ರೈಂಡಿಂಗ್ ಇನ್ನೊಬ್ಬರದು, ಪ್ಲೇಟಿಂಗ್ ಮತ್ತೊಬ್ಬರದು. ಒಬ್ಬರಿಗೆ ಒಂದೇ ಕೆಲಸ, ಅದರಲ್ಲಿ ಕೈ ಪಳಗಿರುತ್ತದೆ. ಪೀಣ್ಯ ನಡೆಯುವುದೇ ಹೀಗೆ.

ಹೋದ ವರ್ಷ ನಮಗೆ ಕಬ್ಬಿಣ ಕೊಡುವವರ ಹೆಸರಲ್ಲಿ ಒಂದು ಮೇಲ್ ಬಂತು, ಬ್ಯಾಂಕ್ ಖಾತೆ ಬದಲಾಗಿದೆ ಅಂತ. ಅಡ್ರೆಸ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆ. ಯಾರು ನೋಡ್ತಾರೆ? ದುಡ್ಡು ಹಾಕಿದೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಎರಡು ದಿನ ಕಳೆದಿತ್ತು, ದುಡ್ಡು ಎಲ್ಲೋ ಹೋಗಿತ್ತು.

ಅದು ಒಂದು ಸಲದ ನಷ್ಟ, ಬಿಡಿ. ಆಮೇಲಿನದು ದಿನಾ ಆಗುತ್ತಿದೆ. ಈಗ ಪ್ರತಿ ಬಿಲ್ಲಿಗೂ ಫೋನ್ ಮಾಡಿ ಕೇಳುತ್ತೇನೆ, ಡ್ರಾಯಿಂಗ್ ಮೇಲ್‌ನಲ್ಲಿ ಬಂದರೆ ತೆಗೆಯಲು ಭಯ, ಹುಡುಗನನ್ನು ಸ್ಕೂಟರಲ್ಲಿ ಕಳಿಸಿ ಕಾಗದದ ಮೇಲೆ ತರಿಸುತ್ತೇನೆ, ಹೊರಗಡೆ ಕೊಟ್ಟಿದ್ದ ಲೆಕ್ಕದ ಕೆಲಸವನ್ನೂ ವಾಪಸ್ ತಂದು ರಾತ್ರಿ ನಾನೇ ಕೂತು ಮಾಡುತ್ತೇನೆ, ಅದೂ ತಪ್ಪುತಪ್ಪಾಗಿ. ಆ ಹೊತ್ತಲ್ಲಿ ನಾನು ಮಷೀನ್ ಮುಂದೆ ಇರಬೇಕಿತ್ತು, ಅಲ್ವಾ?

ದೊಡ್ಡವರ ಕಥೆಯೂ ಇದೇ. ಟಾಟಾ ಮೋಟಾರ್ಸ್‌ನ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ 2025ರಲ್ಲಿ ಸೈಬರ್ ದಾಳಿ ಆಯಿತು. ಸೆಪ್ಟೆಂಬರ್ ಪೂರ್ತಿ ಬ್ರಿಟನ್ನಿನ ಅದರ ಕಾರ್ಖಾನೆಗಳಲ್ಲಿ ಕಾರು ತಯಾರಾಗಲಿಲ್ಲ. ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಹಾಕಿದ ಅಂದಾಜು: 190 ಕೋಟಿ ಪೌಂಡ್ ನಷ್ಟ, ಪೆಟ್ಟು ತಿಂದ ಸಂಸ್ಥೆಗಳು 5,000ಕ್ಕೂ ಜಾಸ್ತಿ. ಅದರಲ್ಲಿ ನನ್ನಂಥ ಒಂದೇ ಬಿಡಿಭಾಗ ಮಾಡುವವರೂ ಇದ್ದರು. ಅವರ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಕೊಳ್ಳುವವನ ಬಾಗಿಲು ಮುಚ್ಚಿತ್ತು, ಅಷ್ಟೇ.

ನಮ್ಮಲ್ಲೂ ಆಗಿದೆ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ನಡೆಸಿಕೊಡುವ ಸಿ-ಎಡ್ಜ್ ಎಂಬ ಒಂದು ಕಂಪನಿಗೆ, ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ತಗುಲಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ಕೆಲಸ ನಿಂತಿತು. ಹಾಗಂತ ಪ್ರತಿ ಬ್ಯಾಂಕೂ ತನ್ನದೇ ಸರ್ವರ್ ಇಟ್ಟುಕೊಳ್ಳಲಿ ಅನ್ನುವುದು ತಲೆನೋವಿಗೆ ತಲೆ ತೆಗೆದಂತೆ.

ಕೈಗಾರಿಕಾ ಸಂಘದವರು ಸಭೆಗಳಲ್ಲಿ ರಸ್ತೆ, ಚರಂಡಿ ಬಗ್ಗೆ ಮಾತಾಡುತ್ತಾರೆ. ಮಾಡಲಿ, ಬೇಡ ಅನ್ನಲ್ಲ. ಜೊತೆಗೆ ಮೂವತ್ತು ಶಾಪಿಗೆ ಒಬ್ಬ ಕಂಪ್ಯೂಟರ್ ಭದ್ರತೆ ಗೊತ್ತಿರುವವನನ್ನು ಸಂಬಳ ಕೊಟ್ಟು ಇಡಲಿ. ಬ್ಯಾಕಪ್ ನೋಡಿಕೊಳ್ಳಲಿ, ಅನುಮಾನದ ಮೇಲ್ ಬಂದರೆ ಕೇಳೋಕೆ ಒಂದು ನಂಬರ್ ಇರಲಿ. ನನ್ನ ಪಾಲಿನ ದುಡ್ಡು ನಾಳೆಯೇ ಕೊಡುತ್ತೇನೆ, ಕೈಯಲ್ಲೇ. ಖಾತೆ ನಂಬರ್ ಮಾತ್ರ ಮೇಲ್‌ನಲ್ಲಿ ಕಳಿಸಬೇಡಿ.

ಒಬ್ಬ ಟರ್ನಿಂಗ್ ಶಾಪ್ ಮಾಲೀಕ, ಪೀಣ್ಯ, ಬೆಂಗಳೂರು