ಕೀ ತೆಗೆದ ಮೇಲೂ ಕಾರಿನ ಬ್ಯಾಟರಿ ಎಳೆಯುತ್ತಿರುವ ಯುಎಸ್‌ಬಿ ವೈರಿಂಗ್ ಬಗ್ಗೆ ದೂರು

ಇಂದ: ನಿಮ್ಮ ಗ್ರಾಹಕ, ಶಿರಸಿ
ಗೆ: ಮಾಲೀಕರು, ಕಾರ್ ಆಕ್ಸೆಸರೀಸ್ ಅಂಗಡಿ, ಹುಬ್ಬಳ್ಳಿ

ವಿಷಯ: ನೀವು ಮಾಡಿಕೊಟ್ಟ ವೈರಿಂಗ್ ಸರಿಪಡಿಸಿ, ಬ್ಯಾಟರಿ ಖರ್ಚು ವಾಪಸ್ ಕೊಡುವಂತೆ ಕೋರಿ

ಮಾನ್ಯರೇ,

ನಾನು ಲೈಸೆನ್ಸ್ ಇರುವ ಸರ್ವೆಯರ್. ಜಮೀನು ಅಳೆದು ಭಾಗ ಮಾಡುವ 11ಇ ನಕ್ಷೆ, ಪೋಡಿ ಕೆಲಸಕ್ಕೆ ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಿಗೆ ಓಡಾಡುತ್ತೇನೆ. ನಕ್ಷೆ ನೋಡಲು ಕಾರಿನಲ್ಲೇ ಒಂದು ಕಂಪ್ಯೂಟರ್ ಬೇಕಿತ್ತು. ಮೇ ತಿಂಗಳಲ್ಲಿ ನಿಮ್ಮ ಅಂಗಡಿಯಲ್ಲಿ ಮಿನಿ ಪಿಸಿ, ಸ್ಕ್ರೀನ್, ಹಲವು ಸಾಧನಗಳನ್ನು ಒಟ್ಟಿಗೆ ಸೇರಿಸುವ ಒಂದು ಯುಎಸ್‌ಬಿ ಹಬ್ ಹಾಕಿಸಿದೆ. ಹಬ್‌ಗೆ ಜಿಪಿಎಸ್ ರಿಸೀವರ್, ಇಂಟರ್ನೆಟ್‌ಗೆ 4ಜಿ ಡಾಂಗಲ್, ಹಾರ್ಡ್ ಡಿಸ್ಕ್, ಡ್ಯಾಶ್‌ಕ್ಯಾಮ್ ಸೇರಿಸಿದ್ದು ನಿಮ್ಮ ಹುಡುಗರೇ. ಒಟ್ಟು ಬಿಲ್ 18,500 ರೂಪಾಯಿ. ಕೆಲಸ ನೋಡಲು ಚೆನ್ನಾಗಿಯೇ ಇತ್ತು. ಇಬ್ಬರು ಸ್ನೇಹಿತರಿಗೆ ನಿಮ್ಮ ಅಂಗಡಿಯ ಹೆಸರನ್ನೂ ಹೇಳಿದ್ದೆ.

ಜುಲೈನಲ್ಲಿ ಒಂದು ಸಣ್ಣ ತೊಂದರೆ ಹೇಳಿಕೊಂಡು ಬಂದಿದ್ದೆ. ಸೆಲ್ಫ್ ಹೊಡೆದಾಗಲೆಲ್ಲ ಹಾರ್ಡ್ ಡಿಸ್ಕ್ ಒಂದು ಕ್ಷಣ ಆಫ್ ಆಗಿ, ತೆರೆದಿದ್ದ ನಕ್ಷೆ ಮುಚ್ಚಿಹೋಗುತ್ತಿತ್ತು. ಅದಕ್ಕೆ ಕಾರಣ ಇದೆ. ಹಬ್‌ಗೆ ಕರೆಂಟ್ ಕೊಟ್ಟಿದ್ದು ಎಸಿಸಿ ಲೈನಿನಿಂದ, ಅಂದರೆ ಕೀ ತಿರುಗಿಸಿದಾಗ ಮಾತ್ರ ಆನ್ ಆಗುವ ಲೈನಿನಿಂದ. ಸ್ಟಾರ್ಟರ್ ತಿರುಗುವಾಗ ಆ ಲೈನಿನ ಕರೆಂಟ್ ನಿಲ್ಲುತ್ತದೆ, ಬ್ಯಾಟರಿ ವೋಲ್ಟೇಜ್ ಕೂಡ ಕುಸಿಯುತ್ತದೆ. ನಿಮ್ಮ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಸರಿಮಾಡಿ ಕಳಿಸಿದರು. ಏನು ಮಾಡಿದರು ಅಂತ ಆಗ ನಾನು ಕೇಳಲಿಲ್ಲ. ಹಬ್‌ನ ಲೈನನ್ನು ಎಸಿಸಿಯಿಂದ ತೆಗೆದು ನೇರವಾಗಿ ಬ್ಯಾಟರಿಯ ಪ್ಲಸ್‌ಗೆ ಕೊಟ್ಟಿದ್ದರು. ಡಿಸ್ಕ್ ಆಫ್ ಆಗುವುದು ನಿಂತಿತು. ಆದರೆ ಆವತ್ತಿನಿಂದ ಆ ಹಬ್ ಒಂದು ಕ್ಷಣವೂ ಆಫ್ ಆಗಿಲ್ಲ.

ಎರಡು ವಾರದ ನಂತರ ಮೊದಲ ಸಲ ಗಾಡಿ ಸ್ಟಾರ್ಟ್ ಆಗಲಿಲ್ಲ. ನಿಮಗೆ ಫೋನ್ ಮಾಡಿದೆ. 'ಬ್ಯಾಟರಿ ವೀಕ್ ಆಗಿದೆ, ಹೊಸದು ಹಾಕಿಸಿ' ಅಂದಿರಿ. ಹಬ್ ಏನಾದರೂ ಎಳೆಯುತ್ತಿರಬಹುದಾ ಅಂತ ಕೇಳಿದೆ. 'ಕಂಪ್ಯೂಟರ್ ಆಫ್ ಆಗಿದೆ ಅಲ್ವಾ ಸರ್, ಇನ್ನೇನು ಎಳೆಯುತ್ತೆ' ಅಂದಿರಿ. ನಿಮ್ಮ ಮಾತು ನಂಬಿ 4,200 ರೂಪಾಯಿ ಕೊಟ್ಟು ಹೊಸ 35 ಎಎಚ್ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿ ತಂದೆ. ಹಳೆಯದಕ್ಕೆ ಹದಿನಾಲ್ಕು ತಿಂಗಳು ಅಷ್ಟೇ ಆಗಿತ್ತು.

ಹೊಸ ಬ್ಯಾಟರಿ ಹಾಕಿ ಹತ್ತೇ ದಿನ. ಶುಕ್ರವಾರ ಸಂಜೆ ಏಳಕ್ಕೆ ಕಾರು ನಿಲ್ಲಿಸಿದ್ದು, ಮಳೆ ಅಂತ ಶನಿವಾರ ಭಾನುವಾರ ತೆಗೆಯಲಿಲ್ಲ. ಸೋಮವಾರ ಬೆಳಗಿನ ಜಾವ ಐದಕ್ಕೆ ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಹುಬ್ಬಳ್ಳಿಗೆ ಕರೆದುಕೊಂಡು ಹೊರಟೆ. ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು. ಅಮ್ಮ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದರು. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಪಿಕಪ್‌ನಿಂದ ಜಂಪರ್ ಕೇಬಲ್ ಹಾಕಿ ಹೊರಡುವಾಗ ಆರೂವರೆ. ಆಸ್ಪತ್ರೆ ತಲುಪುವಷ್ಟರಲ್ಲಿ ನಮ್ಮ ಸರದಿ ಹೋಗಿತ್ತು. ಆಪರೇಷನ್ ಮುಂದಿನ ವಾರಕ್ಕೆ ಹಾಕಿದರು. ಅಮ್ಮ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ಆಮೇಲೆ ಊರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದೆ. ಅವರು ಬ್ಯಾಟರಿಯ ಮೈನಸ್ ಕಳಚಿ, ಮಧ್ಯೆ ಮೀಟರ್ ಸೇರಿಸಿ, ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟರು. ಕಾರಿನ ಸ್ವಂತ ಎಲೆಕ್ಟ್ರಾನಿಕ್ಸ್ ಪೂರ್ತಿ ಮಲಗಲು ಅಷ್ಟು ಹೊತ್ತು ಕೊಡಬೇಕಂತೆ. ಮೀಟರ್ 0.43 ಆಂಪಿಯರ್ ತೋರಿಸಿತು. ಹಬ್‌ನ ಲೈನ್ ಕಿತ್ತಾಗ 0.03ಕ್ಕೆ ಇಳಿಯಿತು. ನಿಂತ ಕಾರು 0.05 ಆಂಪಿಯರ್ ಒಳಗೆ ಎಳೆದರೆ ಸರಿ ಅಂತ ಲೆಕ್ಕ. ಒಂದೊಂದೇ ಕಿತ್ತು ನೋಡಿದೆವು. ಡ್ಯಾಶ್‌ಕ್ಯಾಮ್ 0.20, ಡಾಂಗಲ್ 0.12, ಉಳಿದದ್ದು ಡಿಸ್ಕ್, ಜಿಪಿಎಸ್ ಮತ್ತು ಹಬ್‌ನದು. ನಮ್ಮ ಮನೆ ಹತ್ತಿರ ಸಿಗ್ನಲ್ ಕಡಿಮೆ. ಸಿಗ್ನಲ್ ಸಿಗದಿದ್ದರೆ ಡಾಂಗಲ್ ರಾತ್ರಿಯಿಡೀ ಹುಡುಕುತ್ತಾ ಇನ್ನೂ ಜಾಸ್ತಿ ಎಳೆಯುತ್ತದೆ. ಕತ್ತಲಲ್ಲಿ ಸೀಟಿನ ಕೆಳಗೆ ನೋಡಿದರೆ ಹಬ್‌ನ ನೀಲಿ ದೀಪ ಉರಿಯುತ್ತಲೇ ಇತ್ತು. ಕಂಪ್ಯೂಟರ್ ಆಫ್ ಆಗಿದ್ದು ನಿಜ. ಆದರೆ ಹಬ್‌ಗೆ ಕರೆಂಟ್ ಕಂಪ್ಯೂಟರ್‌ನಿಂದ ಬರುತ್ತಿರಲಿಲ್ಲ.

ಈಗ ನೀವೇ ಲೆಕ್ಕ ಹಾಕಿ. ಶುಕ್ರವಾರ ಸಂಜೆ ಏಳರಿಂದ ಸೋಮವಾರ ಬೆಳಿಗ್ಗೆ ಐದರವರೆಗೆ 58 ಗಂಟೆ. ಗಂಟೆಗೆ 0.43 ಎಎಚ್‌ನಂತೆ ಹೆಚ್ಚುಕಡಿಮೆ 25 ಎಎಚ್ ಖಾಲಿ. 35ರ ಬ್ಯಾಟರಿಯಲ್ಲಿ ಉಳಿದ ಹತ್ತರಲ್ಲಿ ಎಂಜಿನ್ ತಿರುಗಿಸುವುದು ಹೇಗೆ? ಕಾರಿನ ಬ್ಯಾಟರಿ ಮಾಡಿರುವುದು ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡಲು. ಹೀಗೆ ತಳ ಕಾಣುವಷ್ಟು ಇಳಿಸುತ್ತಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಬೇಗ ಹಾಳಾಗುತ್ತದೆ. ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕೊಡದೆ ಇಟ್ಟುಕೊಂಡಿದ್ದೆ. ಡೀಲರ್ ಅದನ್ನು ಚಾರ್ಜ್ ಮಾಡಿ, ಜೋರಾಗಿ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟ್ ಮಾಡಿದರು. ಪಾಸಾಯಿತು. ಅಂದರೆ ಆ 4,200 ರೂಪಾಯಿ ಸುಮ್ನೆ ಖರ್ಚಾಯಿತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬ್ಯಾಟರಿಯಿಂದ ಎಳೆದ ಆ ತಂತಿಗೆ ಫ್ಯೂಸೇ ಇಲ್ಲ. ಬಾನೆಟ್‌ನಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಇಲ್ಲದೆ ತಗಡಿಗೆ ಉಜ್ಜುತ್ತಿದೆ. ಇನ್ಸುಲೇಷನ್ ಅರ್ಧ ಸವೆದಿತ್ತು. ಪೂರ್ತಿ ಸವೆದಿದ್ದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದಿತ್ತು. ಆ ಕಾರಿನಲ್ಲಿ ನನ್ನ ಮಕ್ಕಳೂ ಓಡಾಡುತ್ತಾರೆ.

ನಾನು ಕೇಳುವುದು ಕಷ್ಟದ ಕೆಲಸವಲ್ಲ. ಹಬ್‌ನ ಲೈನಿಗೆ ಒಂದು ರಿಲೇ (ಕರೆಂಟ್‌ನಿಂದ ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ, ಎಸಿಸಿ ಬಂದಾಗ ಆನ್ ಆಗುವಂತೆ ಮಾಡಿ. ಸೆಲ್ಫ್ ಹೊಡೆಯುವಾಗ ಡಿಸ್ಕ್ ಆಫ್ ಆಗದಿರಲು, ಎಸಿಸಿ ಹೋದ ಮೇಲೂ ಒಂದೆರಡು ನಿಮಿಷ ಕರೆಂಟ್ ಹಿಡಿದಿಡುವ ಟೈಮರ್ ರಿಲೇ ಬೇಕು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲೂ ಅಷ್ಟು ಸಮಯ ಸಾಕು. ನಿಲ್ಲಿಸಿದ ಕಾರಿನಲ್ಲೂ ಡ್ಯಾಶ್‌ಕ್ಯಾಮ್ ರೆಕಾರ್ಡ್ ಮಾಡಬೇಕಿದ್ದರೆ, ವೋಲ್ಟೇಜ್ ಇಳಿದಾಗ ತಾನೇ ಕಟ್ ಆಗುವ ಹಾರ್ಡ್‌ವೈರ್ ಕಿಟ್ ಸಿಗುತ್ತದೆ. ನನಗೆ ಅದು ಬೇಡ, ಕೀ ಜೊತೆ ಆಫ್ ಆದರೆ ಸಾಕು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ತೂತಿಗೆ ರಬ್ಬರ್ ಗ್ರೋಮೆಟ್, ಹೊಸ ತಂತಿ ಹಾಕಬೇಕು. ಇದೆಲ್ಲ ಉಚಿತವಾಗಿ ಆಗಬೇಕು. ಮುಗಿದ ಮೇಲೆ ನನ್ನೆದುರೇ ಮೀಟರ್ ಇಟ್ಟು ತೋರಿಸಬೇಕು. ಹೊಸ ಬ್ಯಾಟರಿಯ 4,200 ರೂಪಾಯಿಯನ್ನೂ ವಾಪಸ್ ಕೊಡಬೇಕು.

ಇನ್ನೊಂದು ಮಾತು. ಇದೇ ಥರ ನೇರ ಲೈನ್ ಕೊಟ್ಟ ಬೇರೆ ಕಾರುಗಳೂ ಇರುತ್ತವೆ. ಅವರಿಗೆಲ್ಲ ಫೋನ್ ಮಾಡಿ ಕರೆಸಿ, ಕನಿಷ್ಠ ಫ್ಯೂಸ್ ಆದರೂ ಹಾಕಿಕೊಡಿ. ದಯವಿಟ್ಟು ಇದನ್ನು ತಡಮಾಡಬೇಡಿ.

ಬಿಲ್, ಡೀಲರ್ ಕೊಟ್ಟ ಟೆಸ್ಟ್ ಚೀಟಿ, ಮೀಟರ್ ಮತ್ತು ಸವೆದ ತಂತಿಯ ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅಮ್ಮನ ಆಪರೇಷನ್‌ಗೆ ಬರುವ ಸೋಮವಾರ ಮತ್ತೆ ಹುಬ್ಬಳ್ಳಿಗೆ ಬರುತ್ತಿದ್ದೇನೆ. ಅಂದು ಮಧ್ಯಾಹ್ನ ಕಾರು ನಿಮ್ಮ ಅಂಗಡಿಗೆ ತರಬಹುದಾ ಎಂದು ಶನಿವಾರದೊಳಗೆ ತಿಳಿಸಿ. ಅಲ್ಲಿಯವರೆಗೆ ಹಬ್‌ನ ತಂತಿಯನ್ನು ಬ್ಯಾಟರಿಯಿಂದಲೇ ಕಳಚಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ