ಕೂದಲು ಕಿತ್ತುಕೊಳ್ಳುವ ಮಕ್ಕಳ ಪರವಾಗಿ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು. ತನ್ನ ತಲೆಕೂದಲನ್ನು ತಾನೇ ಕಿತ್ತುಕೊಳ್ಳುವುದೂ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ, ಆದರೆ ತಾಲ್ಲೂಕು ಮಟ್ಟದಲ್ಲಿ ಅದು ನಮ್ಮ ಮಕ್ಕಳ ಕೈಗೆಟುಕುತ್ತಿಲ್ಲ. ಪ್ರೌಢಶಾಲೆಯ ಶಿಕ್ಷಕಿಯಾಗಿ ಇದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇನೆ.

ವೈದ್ಯರು ಇದನ್ನು ಟ್ರೈಕೋಟಿಲೊಮೇನಿಯಾ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹಿಂದಿನ ರೋಗಪಟ್ಟಿಯಲ್ಲಿ ಇದು ಜೂಜು, ಕಳ್ಳತನ, ಬೆಂಕಿ ಹಚ್ಚುವಿಕೆಯ ಗೀಳುಗಳ ಜೊತೆ ಒಂದೇ ಗುಂಪಿನಲ್ಲಿತ್ತು. 2022ರಲ್ಲಿ ಜಾರಿಗೆ ಬಂದ 11ನೇ ಆವೃತ್ತಿ ಇದನ್ನು ಅಲ್ಲಿಂದ ಎತ್ತಿ, ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಒಸಿಡಿ ಕಾಯಿಲೆಯ ಸಾಲಿಗೆ ಸೇರಿಸಿದೆ. ಪುಟ ಬದಲಾಯಿತು, ನಮ್ಮ ಹುಡುಗಿಯರ ನೆತ್ತಿಗೆ ಅದರಿಂದ ಯಾವ ಉಪಕಾರವೂ ಆಗಿಲ್ಲ.

ಸಾಮಾನ್ಯವಾಗಿ ಇದು ಶುರುವಾಗುವುದು 10ರಿಂದ 13ರ ವಯಸ್ಸಿನಲ್ಲಿ. ಅಂದರೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿಕೊಂಡೇ ಶಾಲೆಗೆ ಬರಬೇಕಾದ ವಯಸ್ಸು. ಗಣಿತದ ಕಿರುಪರೀಕ್ಷೆಯ ಹೊತ್ತಿನಲ್ಲಿ ನೋಡಿದ್ದೇನೆ: ಬಲಗೈ ಲೆಕ್ಕ ಬಿಡಿಸುತ್ತಿರುತ್ತದೆ, ಎಡಗೈ ತಾನಾಗಿ ನೆತ್ತಿಗೇರಿ, ಒರಟಾದ ಒಂದೇ ಒಂದು ಎಳೆಯನ್ನು ತಡಕಿ ಕೀಳುತ್ತದೆ. ಬುಡದ ಬಿಳಿ ಗಂಟನ್ನು ತುಟಿಗೊಮ್ಮೆ ಸವರಿ ಎಳೆಯನ್ನು ಬೆಂಚಿನ ಕೆಳಗೆ ಬಿಡುವುದು, ಮತ್ತೆ ಕೈ ಮೇಲೇರುವುದು. ಎಷ್ಟೋ ಸಲ ಮಗುವಿಗೆ ಅದರ ಅರಿವೇ ಇರುವುದಿಲ್ಲ. ಅರಿವಿದ್ದರೂ ನಿಲ್ಲಿಸಲಾಗುವುದಿಲ್ಲ.

ಮನೆಯವರು ಮೊದಲು ಎಣ್ಣೆ ಬದಲಿಸುತ್ತಾರೆ, ಆಮೇಲೆ ದೃಷ್ಟಿ ತೆಗೆಯುತ್ತಾರೆ, ಕೊನೆಗೆ ಬೈಯುತ್ತಾರೆ. ಮುಡಿ ಕೊಡಿಸಿದವರೂ ಇದ್ದಾರೆ. ಕೂದಲು ಮತ್ತೆ ಬಂತು, ಅದನ್ನು ಹುಡುಕಿಕೊಂಡು ಕೈಯೂ ಬಂತು. ಹುಳ ತಿಂದಿದೆ ಎಂದುಕೊಂಡು ಮುಲಾಮು ಹಚ್ಚುವುದು ಬೇರೆ. ಕಿತ್ತ ಜಾಗ ನುಣ್ಣಗಿರುವುದಿಲ್ಲ, ಅಲ್ಲಿ ಉದ್ದ ಗಿಡ್ಡ ಮೊಂಡು ಕೂದಲುಗಳಿರುತ್ತವೆ, ಹತ್ತಿರದಿಂದ ನೋಡುವ ವ್ಯವಧಾನವಿದ್ದರೆ ಕಾಣುತ್ತದೆ. ಕಿತ್ತದ್ದನ್ನು ನುಂಗುವ ಮಕ್ಕಳೂ ಇದ್ದಾರೆ. ಕೂದಲು ಜೀರ್ಣವಾಗುವ ವಸ್ತುವಲ್ಲ. ಹೊಟ್ಟೆಯಲ್ಲಿ ಉಂಡೆಗಟ್ಟಿದರೆ ಶಸ್ತ್ರಚಿಕಿತ್ಸೆಯ ತನಕ ಹೋಗಬಹುದು.

ಇದಕ್ಕೆಂದೇ ಇರುವ ಮಾತ್ರೆಯಿಲ್ಲ. ಹೆಚ್ಚು ಫಲ ಕಂಡಿರುವುದು ಅಭ್ಯಾಸ ಬಿಡಿಸುವ ಒಂದು ತರಬೇತಿಯಿಂದ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ಇದನ್ನು 1973ರಲ್ಲೇ ರೂಪಿಸಿದರು. ಕೈ ಯಾವ ಹೊತ್ತಿನಲ್ಲಿ, ಯಾವ ಬೇಸರದಲ್ಲಿ ಏಳುತ್ತದೆ ಎಂದು ಗುರುತಿಸಲು ಮಗು ಮೊದಲು ಕಲಿಯುತ್ತದೆ. ಕೈ ಎದ್ದೊಡನೆ ಮುಷ್ಟಿ ಬಿಗಿದು, ತುಡಿತ ಇಳಿಯುವವರೆಗೆ ಹಾಗೆಯೇ ಇರುತ್ತದೆ. ಮನೆಯವರು ಗದರುವುದನ್ನು ಬಿಟ್ಟು ಮೆಲ್ಲಗೆ ನೆನಪಿಸಲು ಕಲಿಯುತ್ತಾರೆ. ಯಂತ್ರ ಬೇಡ, ಪ್ರಯೋಗಾಲಯ ಬೇಡ, ಕೂತು ಕಲಿಸುವ ಒಬ್ಬರು ಬೇಕು.

ಕರ್ನಾಟಕಕ್ಕೆ ಇದೇನು ಆಗದ ಕೆಲಸವೇ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೇ ಮಾದರಿಯಾದದ್ದು ನಮ್ಮ ಬಳ್ಳಾರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಏರ್ಪಾಡೂ ಇದೆ. ಆದರೆ ಹೊರಗೆ ಸಾಲು ನಿಂತಿರುವಾಗ ಒಂದು ಮಗುವಿಗೆ ಮುಷ್ಟಿ ಬಿಗಿಯಲು ಕಲಿಸುವ ಪುರುಸೊತ್ತು ಆ ವೈದ್ಯರಿಗೆಲ್ಲಿ? ಜಿಲ್ಲಾ ತಂಡದ ಮನಶ್ಶಾಸ್ತ್ರಜ್ಞರಿಗೂ ಸಮಾಜ ಕಾರ್ಯಕರ್ತರಿಗೂ ಈ ಎರಡು ಸಂಸ್ಥೆಗಳಿಂದ ತರಬೇತಿ ಕೊಡಿಸಿ, ಅದೇ ಮಂಗಳವಾರ ಪಕ್ಕದ ಕೊಠಡಿಯಲ್ಲಿ ಕೂರಿಸಿ. ಇಂಥ ಮಕ್ಕಳನ್ನು ಅಲ್ಲಿಗೆ ಕಳಿಸುವಂತೆ ಚರ್ಮರೋಗ ವಿಭಾಗಕ್ಕೆ ಸೂಚನೆ ಹೋಗಲಿ. ಬಾಲ ಸ್ವಾಸ್ಥ್ಯ ತಂಡ ಶಾಲೆಗೆ ಬಂದಾಗ ಹಲ್ಲು, ಕಣ್ಣಿನ ಜೊತೆ ನೆತ್ತಿಯನ್ನೂ ನೋಡಲಿ. ಇನ್ನು ಶಿಕ್ಷಣ ಸಚಿವರಿಗೆ ನೀವೇ ಒಂದು ಮಾತು ಹೇಳಬೇಕು: ತಲೆಗೆ ಬಟ್ಟೆ ಸುತ್ತಿಕೊಂಡು ಬಂದ ಮಗುವನ್ನು ಪ್ರಾರ್ಥನೆಯ ಸಾಲಿನಲ್ಲೇ ನಿಲ್ಲಿಸಿ ಜಡೆ ಎಲ್ಲಿ ಎಂದು ಕೇಳುವುದು ನಿಲ್ಲಲಿ.

ಇದು ದಾನದ ಬೇಡಿಕೆಯಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೈಕೆ ಪಡೆಯುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕೆಂದೇ ಹೇಳಿದೆ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಯಾವ ತಾಲ್ಲೂಕಿನಲ್ಲಿ ಯಾರು ಕೂರುತ್ತಾರೆ ಎಂಬ ಪಟ್ಟಿಯನ್ನು ಪ್ರಕಟಿಸಿ. ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯ ಪಕ್ಕದಲ್ಲೇ ಅದನ್ನು ನಮ್ಮ ಸೂಚನಾ ಫಲಕಕ್ಕೆ ಅಂಟಿಸುವ ಕೆಲಸ ನನ್ನದು.

ಇಂತಿ,
ಪ್ರೌಢಶಾಲೆಯ ಒಬ್ಬ ಶಿಕ್ಷಕಿ