‘ಏಕೆ’ ಎಂಬುದನ್ನೂ ಬರೆಯಿರಿ

ಮಾನ್ಯರೇ,

ಮಲಗುವ ಮುನ್ನ ಕೃತಜ್ಞತೆಯ ಡೈರಿ ಬರೆಯಿರಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಶುರು ಮಾಡಿದ ಹಲವರು ಎರಡೇ ವಾರಕ್ಕೆ ಕೈಬಿಡುತ್ತಾರೆ. ದಿನವೂ ‘ಆರೋಗ್ಯ, ಮನೆ, ಮಕ್ಕಳು’ ಎಂದು ಅದನ್ನೇ ಗೀಚಿದರೆ ಮನಸ್ಸು ಒಗ್ಗಿಹೋಗುತ್ತದೆ. 2005ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ಪ್ರತಿ ರಾತ್ರಿ ಚೆನ್ನಾಗಿ ನಡೆದ ಮೂರು ಸಂಗತಿಗಳ ಜೊತೆಗೆ ಅವು ಏಕೆ ನಡೆದವು ಎಂಬುದನ್ನೂ ಬರೆಸಲಾಗಿತ್ತು. ನಾವು ಬಿಡುವುದು ಈ ‘ಏಕೆ’ಯನ್ನೇ! ‘ಬಸ್ಸು ಸಿಕ್ಕಿತು’ ಎಂದರೆ ಸಾಲದು. ‘ಓಡಿಬರುವುದನ್ನು ಕಂಡು ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದರು’ ಎಂದು ಬರೆದಾಗ ಇನ್ನೊಬ್ಬರ ಪಾಲು ಕಾಣುತ್ತದೆ. ವಿನಯ ಹುಟ್ಟುವುದೂ ಅಲ್ಲಿಯೇ. ದಿನಾ ಬೇಸರವಾದರೆ ವಾರಕ್ಕೊಮ್ಮೆ ಸಾಕು. ಖಿನ್ನತೆಯಲ್ಲಿರುವವರ ಕೈಗೆ ಮಾತ್ರ ಡೈರಿ ಕೊಟ್ಟು ಸುಮ್ಮನಾಗಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.